ಡಾಕ್ಟರಮ್ಮ ಮಾಡದ ಫೋನು

ಊಟ ಬಲ್ಲವನಿಗೆ ರೋಗವಿಲ್ಲ, ಫೋನು ಬಲ್ಲವನಿಗೆ ಅದನ್ನೆತ್ತುವ ರೋಗವೂ ಇಲ್ಲ. ಗಾದೆಯನ್ನು ತಿರುಚಿದ್ದು ಹೌದು; ಆದರೆ ಕಥೆ ನಿಜ, ಅದರಲ್ಲಿ ತಿರುಚಿದ್ದು ಒಬ್ಬ ನರ್ಸಿನ ನಾಲಿಗೆಯೊಂದೇ.

"ಇವತ್ತೂ ಇಲ್ವಾ ಸಿಸ್ಟರ್?"

ಲಸಿಕೆ ಕೋಣೆಯ ಉದ್ದನೆಯ ಬೆಂಚಿನಲ್ಲಿ ಟೈಲರ್ ಅಕ್ಕ ಒಬ್ಬಳೇ ಕೂತಿದ್ದಳು. ತೊಡೆಯ ಮೇಲಿದ್ದ ಮಗು ಅವಳ ಕೊರಳಲ್ಲಿ ನೇತಾಡುತ್ತಿದ್ದ ಅಳತೆಪಟ್ಟಿಯನ್ನು ಚೀಪುತ್ತಿತ್ತು. ದಡಾರದ ಮದ್ದು ಬರುವುದೇ ಹತ್ತು ಮಕ್ಕಳಿಗೊಂದು ಸೀಸೆ. ಒಮ್ಮೆ ತೆರೆದರೆ ಉಳಿದದ್ದನ್ನು ಸಂಜೆಗೆ ಚೆಲ್ಲಬೇಕು. ಹಾಗಾಗಿ ಬೆಂಚು ತುಂಬದೆ ಸೀಸೆ ತೆರೆಯುವಂತಿಲ್ಲ ಎಂದು ಮೇಲಿನವರ ಅಪ್ಪಣೆ.

"ಮುಂದಿನ ವಾರ ಬನ್ನಿ ಅಕ್ಕಾ," ಎಂದಳು ನರ್ಸು, ನೆಲ ನೋಡುತ್ತ.

"ಹೋದ ಸಲಾನೂ ಇದೇ ಹಾಡು. ಅರ್ಧ ಹೊಲಿದ ಅಂಗಿ ಮಿಷನ್ ಮೇಲೇ ಬಿಟ್ಟು ಬಂದಿದೀನಿ. ನಮ್ಮ ಹಿಂದಿನ ಬೀದೀಲಿ ದಡಾರ ಎದ್ದಿದೆ, ಗೊತ್ತಾ ನಿಮಗೆ? ಇನ್ನೊಂದೇ ಸಲ ಬರ್ತೀನಿ. ಆಗ್ಲೂ ವಾಪಸ್ ಕಳ್ಸಿದ್ರೆ ನನ್ನನ್ನ ಮರೆತುಬಿಡಿ."

ಅವಳು ಹೋದಮೇಲೆ ಫ್ರಿಜ್ಜಿನ ಗುಂಯ್‌ಗುಡುವಿಕೆ ಮಾತ್ರ ಉಳಿಯಿತು. ನರ್ಸಿಗೆ ಬೇಜಾರಿಗಿಂತ ಹೆಚ್ಚಾಗಿ ಕುತೂಹಲ ಕೆರಳಿತು. ಹಿಂದಿನ ದಿನವೇ ಕಂಪ್ಯೂಟರು ಮನೆಮನೆಗೂ ಫೋನು ಮಾಡಿ ನೆನಪಿಸುತ್ತದಲ್ಲ, ಆದರೂ ಇವರೆಲ್ಲ ಎಲ್ಲಿ ಮಾಯವಾಗುತ್ತಾರೆ? ತನ್ನ ಮೊಬೈಲಿನಿಂದಲೇ ಬೇಕರಿಯವರ ಸೊಸೆಗೆ ಫೋನು ಹಚ್ಚಿದಳು.

"ಬಂದಿತ್ತು ಸಿಸ್ಟರ್. 'ಗೌರವಾನ್ವಿತ ಪೋಷಕರೇ' ಅಂತು. ನನ್ನನ್ನ ಯಾರು ಗೌರವಾನ್ವಿತ ಅಂತಾರೆ ಹೇಳಿ, ನಮ್ಮತ್ತೆ ಅಂತಾರಾ? ಸಾಲ ಕೊಡೋ ಹುಡುಗಿ ಇರ್ಬೇಕು ಅಂತ ಕಟ್ ಮಾಡಿದೆ."

ಗೋಡೆಗೆ ಬಣ್ಣ ಬಳಿಯುವ ಪೇಂಟರನ ಉತ್ತರ ಇನ್ನೂ ಚೆನ್ನಾಗಿತ್ತು. "ಅದರಲ್ಲಿ ಕೋಪಾನೇ ಇರ್ಲಿಲ್ಲ ಮೇಡಂ. ನಿಜವಾದ ಆಸ್ಪತ್ರೆಯೋರು ಅಷ್ಟು ನಯವಾಗಿ ಮಾತಾಡ್ತಾರಾ?"

ನರ್ಸು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮನೆಮನೆಗೂ ತಾನೇ ಫೋನು ಹಚ್ಚುತ್ತ ಕೂತರೆ ಸೂಜಿ ಹಿಡಿಯುವವರು ಯಾರು? ಆದರೆ ಕಂಪ್ಯೂಟರಿನಲ್ಲಿ ಹಳೆಯ ಧ್ವನಿ ತೆಗೆದು ಹೊಸದನ್ನು ಹಾಕಬಹುದಿತ್ತು. ಅವಳ ಗಂಟಲಲ್ಲೋ ಇಡೀ ಆಸ್ಪತ್ರೆಯೇ ಬಾಡಿಗೆಗಿತ್ತು: ವಾಚ್‌ಮನ್ನನ ಆಕಳಿಕೆಯಿಂದ ಹಿಡಿದು ಡಾಕ್ಟರಮ್ಮನ ಗದರಿಕೆಯವರೆಗೆ. ಡಾಕ್ಟರಮ್ಮನದು ವಿಚಿತ್ರ ಅಭ್ಯಾಸ. ಪ್ರಶ್ನೆ ಕೇಳುವವರೂ ಅವರೇ, ಉತ್ತರ ಕೊಡುವವರೂ ಅವರೇ. ಎದುರಿಗಿದ್ದವರು ಬಾಯಿ ತೆರೆಯುವುದು ನಾಲಿಗೆ ತೋರಿಸುವುದಕ್ಕೆ ಮಾತ್ರ.

ಬಾಗಿಲು ಹಾಕಿ, ಗಂಟಲು ಸರಿಮಾಡಿಕೊಂಡು, ನರ್ಸು ಮೈಕಿನ ಮುಂದೆ ಕೂತಳು.

"ಏನಮ್ಮಾ, ನಾಳೆ ಮಗೂನ ಕರ್ಕೊಂಡು ಬರ್ತೀಯಾ? ಬರ್ತೀಯ. ಕೆಲಸ ಇದೆಯಾ? ಇದೆ, ಯಾರಿಗಿಲ್ಲ? ಒಂದು ಸೀಸೇಲಿ ಹತ್ತು ಮಕ್ಕಳ ಮದ್ದು. ನೀನು ಮನೇಲಿ ಕೂತ್ರೆ, ಬಂದಿರೋ ಮಗೂಗೂ ಸಿಗಲ್ಲ. ಅದು ಸರೀನಾ? ಸರಿಯಲ್ಲ. ಇಡ್ತೀನಿ."

ಗುಂಡಿ ಒತ್ತಿ, ಹಳೆಯ ಧ್ವನಿಯ ಜಾಗಕ್ಕೆ ಇದನ್ನು ಏರಿಸಿದಳು. ಗೊತ್ತಾದರೆ ಕೆಲಸಕ್ಕೇ ಸಂಚಕಾರ.

ಮುಂದಿನ ವಾರ ಬೆಂಚು ತುಂಬಿ, ಜನ ಮೆಟ್ಟಿಲಿನವರೆಗೂ ಹಬ್ಬಿದ್ದರು. ಬಾಗಿಲಲ್ಲಿ ನಿಂತ ಟೈಲರ್ ಅಕ್ಕ ಕಣ್ಣು ಕಿರಿದು ಮಾಡಿದಳು. "ಇಷ್ಟೊಂದು ಮಕ್ಕಳಾ? ಬಾಡಿಗೆಗೆ ತಂದ್ರಾ ಸಿಸ್ಟರ್?"

"ಮೊದಲು ನೀವೇ ಬನ್ನಿ ಅಕ್ಕಾ," ಎಂದು ನರ್ಸು ಸೀಸೆ ಕೈಗೆತ್ತಿಕೊಳ್ಳುವಷ್ಟರಲ್ಲಿ, ಗದ್ದಲ ಕೇಳಿ ಡಾಕ್ಟರಮ್ಮ ಬಂದರು. ಬೆಂಚಿಗೆ ಬೆಂಚೇ ಎದ್ದು ನಿಂತಿತು.

"ಬಂದ್ವಿ ಡಾಕ್ಟರಮ್ಮಾ, ಬೈಬೇಡಿ," ಎಂದಳು ಬೇಕರಿಯವರ ಸೊಸೆ.

"ನಾನ್ಯಾವಾಗ ಬೈದೆ?"

"ಫೋನಲ್ಲಿ! ನಾನು ಬಾಯಿ ತೆಗೆಯೋಷ್ಟರಲ್ಲಿ ಉತ್ತರಾನೂ ನೀವೇ ಹೇಳ್ಬಿಟ್ರಿ."

"ನಾನು ಏಣಿ ಮೇಲಿದ್ದೆ ಡಾಕ್ಟರಮ್ಮಾ," ಎಂದ ಪೇಂಟರು. "ನಿಮ್ಮ ದನಿ ಕೇಳಿ ಕೆಳಗಿಳಿದು, ಕೈ ಕಟ್ಟಿ ನಿಂತ್ಕೊಂಡೇ ಕೇಳಿದೆ."

ಡಾಕ್ಟರಮ್ಮ ಕನ್ನಡಕ ತೆಗೆದು ಅವನನ್ನೇ ನೋಡಿದರು. "ನಿನ್ನ ನಂಬರೇ ನನ್ನ ಹತ್ರ ಇಲ್ವಲ್ಲಪ್ಪಾ!" ಆಮೇಲೆ ನಿಧಾನವಾಗಿ ಕೋಣೆಯೊಳಕ್ಕೆ ತಿರುಗಿದರು. "ಸಿಸ್ಟರ್, ಏನಿದು?"

"ಮೊದಲು ಈ ಮಗು, ಡಾಕ್ಟರ್. ಆಮೇಲೆ ನನ್ನ ತಲೆ."

ಸೀಸೆ ತೆರೆಯಿತು. ಮಗುವಿನ ತೋಳಿಗೆ ಸೂಜಿ ಇಳಿದು, ಹೊರಬಂತು. ಹತ್ತಿ ಒತ್ತಲು ಟೈಲರ್ ಅಕ್ಕನಿಗೆ ಹೇಳಿ, ನರ್ಸು ಹೋಗಿ ಕಂಪ್ಯೂಟರಿನ ಗುಂಡಿ ಒತ್ತಿದಳು.

ಏನಮ್ಮಾ, ಎಂದಿತು ಡಬ್ಬಿ. ಬರ್ತೀಯಾ? ಬರ್ತೀಯ. ಬಾಗಿಲಲ್ಲೊಬ್ಬ ಡಾಕ್ಟರಮ್ಮ, ಡಬ್ಬಿಯೊಳಗೊಬ್ಬ ಡಾಕ್ಟರಮ್ಮ. ಜನ ಇಬ್ಬರನ್ನೂ ನೋಡಿದರು. ಇಡ್ತೀನಿ ಅಂದ ಮೇಲೆ ಎಲ್ಲರ ಕಣ್ಣೂ ಬಾಗಿಲಿನ ಕಡೆಗೇ ತಿರುಗಿತು.

"ನಾನು ಹೀಗೆ ಮಾತಾಡ್ತೀನಾ?" ಎಂದರು ಡಾಕ್ಟರಮ್ಮ. "ಮಾತಾಡ್ತೀನಿ."

ತಮ್ಮ ಬಾಯಿಂದ ಬಿದ್ದದ್ದು ತಮ್ಮ ಕಿವಿಗೇ ತಲುಪಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವರ ಹೆಗಲು ಕುಲುಕಿತು, ಸ್ಟೆತಾಸ್ಕೋಪು ಕುಣಿಯಿತು, ಗೋಡೆ ಹಿಡಿದುಕೊಂಡು ನಕ್ಕರು. ಪೇಂಟರು ನಕ್ಕ, ಬೆಂಚು ನಕ್ಕಿತು, ಮೆಟ್ಟಿಲೂ ನಕ್ಕಿತು. ಎಲ್ಲರನ್ನೂ ಮೀರಿ ಡಾಕ್ಟರಮ್ಮನದೇ ಕೇಳುತ್ತಿತ್ತು. ಅಳಲೆಂದು ಬಾಯಿ ಅಗಲಿಸಿದ್ದ ಟೈಲರ್ ಅಕ್ಕನ ಮಗು ಅದನ್ನು ಹಾಗೇ ತೆರೆದಿಟ್ಟುಕೊಂಡು, ಅಳುವುದನ್ನು ಮರೆತು, ಅವರನ್ನೇ ನೋಡುತ್ತಿತ್ತು.