ಕಮಾನಿನ ಸಪ್ಪಳ ತಿಳೀದ ಊರು

ಗಂಡ ಹೋದಮ್ಯಾಲ ಮೊಂಬಾಸಾದಾಗ ಒಬ್ಬಾಕಿ ಹೆಂಗ ನಿಂತಿ ರಾಜಬಿ ಅಂತ, ಈ ಸಲ ಹುಬ್ಬಳ್ಳಿಗೆ ಬಂದಾಗ ಎಲ್ಲಾರೂ ಕೇಳೂದ ಕೇಳೂದು. ಎರಡು ಕಾಲ ಮ್ಯಾಲ ನಿಂತೆ, ಮತ್ತ್ಯಾಂಗ? ಅರ್ಧಾ ಕೇಳಿ 'ಅಯ್ಯ ಪಾಪ' ಅಂದು ಎದ್ದು ಹೋಗೋರಿಗೆ ನಾ ಹೇಳಾಂಗಿಲ್ಲ. ಕೂತು ಕೇಳೂದಿದ್ರ ಕೇಳ್ರಿ.

ನಮ್ಮದು ಪಿಂಜಾರ ಮನಿತನ. ನಮ್ಮಪ್ಪ ಗೌಸಮೊದ್ದೀನ ಹೆಗಲ ಮ್ಯಾಲ ಕಮಾನು ಹೊತ್ತು, ದುರ್ಗದಬೈಲಿನ ಸುತ್ತ ಓಣಿ ಓಣಿ ತಿರುಗಿ ಹತ್ತಿ ಹಿಂಜತಿದ್ದ, ಗಾದಿ ತುಂಬತಿದ್ದ. ಬಾಯಿಬಿಟ್ಟು ಒಮ್ಮೆನೂ ಕೂಗತಿರಲಿಲ್ಲ. ಕಮಾನಿನ ನರ ಎಳದು 'ಠಂಯ್' ಅನಿಸಿದ್ರ ಸಾಕು, ಹೆಣ್ಮಕ್ಳು ಹಳೇ ಗಾದಿ ಹೊತ್ತುಕೊಂಡು ಹೊರಗ ಬರತಿದ್ರು. ಹೆಣ್ಣುಹುಡಿಗ್ಯಾರು ದಬ್ಬಣ ಹಿಡದು ಹೊಲೀಬೇಕು, ಕಮಾನು ಮುಟ್ಟಬಾರದು ಅನ್ನೂದು ನಮ್ಮ ಮನಿ ಕಟ್ಟಳಿ. ಮುಟ್ಟಿದ್ರ ಬೆನ್ನಿಗೆ ಗುದ್ದು. ಆದ್ರೂ ಅಪ್ಪ ಉಣ್ಣಾಕ ಕುಂತಾಗ ನಾ ಕದ್ದು ಕಲತೆ. ಅವಗ ಗೊತ್ತಿತ್ತು, ಸಾವಕಾಶ ಉಣತಿದ್ದ.

ಅದ ಮನ್ಯಾಗ ಸೋದರತ್ತಿ ಮೌಲಾಬಿ ಇದ್ಲು. ಗಂಡ ಸತ್ತು ತವರಿಗೆ ಹೊಳ್ಳಿ ಬಂದಾಕಿ. ಎಲ್ಲಾರೂ ಉಂಡು ಉಳಿದಿದ್ದು ಆಕಿಗೆ. ಜ್ವರ ಬಂದು ಮಲಗಿದ್ರ ಸುದ್ದಾ ಮೈಗಳ್ಳಿ ಅನಿಸಿಕೋತಿದ್ಲು. ನಮ್ಮ ಮನ್ಯಾಗ ಯಾರೂ ಕೆಟ್ಟೋರಿರಲಿಲ್ಲ ನೋಡ್ರಿ, ಆದ್ರೂ ಹಂಗ ನಡೀತು.

ನಮ್ಮ ಮನಿಯವರು ಹುಬ್ಬಳ್ಳಿ ರೈಲ್ವೆ ವರ್ಕಶಾಪಿನಾಗ ಫಿಟರ್ ಇದ್ರು. ಆಫ್ರಿಕಾದ ರೈಲಿನಾಗ ಪಗಾರ ಛಲೋ ಐತಿ ಅಂತ ನನ್ನ ಕರಕೊಂಡು ಮೊಂಬಾಸಾಕ್ಕ ಹೋದ್ರು. ಮೂವತ್ತೆಂಟನೇ ಇಸ್ವಿಯೊಳಗ ಜ್ವರ ಬಂದು ತೀರಿಕೊಂಡ್ರು. ಮಗಳು ಅಬೀದಾ ಇನ್ನೂ ಕೂಸು. ವಿಧವಿ ಹೊಸ್ತಿಲಾ ದಾಟದ ಕೂಡೋ ಇದ್ದತ್ತಿನ ದಿನ ಮುಗದ್ವು. ಅಲ್ಲಿದ್ದ ನಮ್ಮ ಕಡೆ ಮಂದಿಗೆ ಹಿರಿಯರಾಗಿದ್ದ ಶಾಬುದ್ದೀನ ಕಾಕಾ ಬಂದ್ರು.

'ಬೊಂಬಾಯಿಗೆ ಹೋಗೋ ಆಗಬೋಟಿ ಶುಕ್ರವಾರ ಐತಿ ಮಗಳ. ಟಿಕೀಟು ತಗದೇನಿ. ಅಪ್ಪ ಇಲ್ಲಂದ್ರೂ ತವರಾಗ ಅಣ್ಣ ಇದ್ದಾನ, ಅವನ ಮನಿ ಸೇರು' ಅಂದ್ರು.

'ಆ ಮನ್ಯಾಗ ನಮ್ಮ ಅತ್ತಿ ಒಬ್ಬಾಕಿ ಸವದು ಹೋದದ್ದು ಸಾಕ್ರಿ ಕಾಕಾ. ನಾ ಇಲ್ಲೇ ಗಾದಿ ತುಂಬಿ ತಿಂತೇನಿ' ಅಂದೆ.

'ಆಗಬೋಟಿ ಬಿಡೋದ್ರೊಳಗ ಒಂದ ಗಿರಾಕಿ ತೋರಿಸು. ನಾ ಮತ್ತ ಬಾಯಿ ತಗಿಯಾಂಗಿಲ್ಲ' ಅಂದ್ರು.

ಬಡಗ್ಯಾನ ಕಡೆ ಕಮಾನೂ ಅದರ ನರ ಬಡಿಯೋ ಕೊಡತೀನೂ ಮಾಡಿಸಿದೆ. ಕಸಾಯಿ ಕಡೆಯಿಂದ ಕುರಿ ಕರಳು ತಂದು, ಹುರಿ ಹೊಸದು ಅದಕ್ಕ ನರ ಬಿಗದೆ. ಕೂಸಿನ್ನ ಬಗಲಾಗ ಎತಗೊಂಡು, ಹಳೇ ಊರಿನ ಓಣ್ಯಾಗ 'ಠಂಯ್ ಠಂಯ್' ಅನಿಸಿಕೋತ ಬಿಸಲಾಗ ತಿರುಗಿದೆ. ಒಂದು ಬಾಗಲಾ ತೆರೀಲಿಲ್ಲ. ಅಲ್ಲಿ ಗಾದಿಗೆ ಬೂರಗದ ಹತ್ತಿ ತುಂಬತಾರ, ಹಿಂಜೋ ರಿವಾಜ ಇಲ್ಲ, ಪಿಂಜಾರನ್ನ ಕಂಡೋರೂ ಇಲ್ಲ. ಇಷ್ಟೂ ಹೊಳೀಲಿಲ್ಲ ನನ್ನ ತಲಿಗೆ. ಕಮಾನು ಮಿಡದ್ರ ಜಗತ್ತಿಗೆಲ್ಲಾ ತಿಳೀತೈತಿ ಅಂದುಕೊಂಡಿದ್ದೆ. ಕಡೀಕ ಒಬ್ಬ ಮುದುಕ ಬಂದು ನನ್ನ ಕೈಯಾಗ ರೊಕ್ಕ ಇಟ್ಟ. ಬಾರಿಸಿಕೋತ ಬೇಡಾಕಿ ಅಂತ ತಿಳದಿದ್ದ. ರೊಕ್ಕ ಅವನ ಕಟ್ಟಿ ಮ್ಯಾಲ ಇಟ್ಟು ಹೊಳ್ಳಿ ಬಂದೆ.

ಶುಕ್ರವಾರ ಮುಂಜಾನೆ ಸಾಮಾನು ಕಟ್ಟಾಕ ಕುಂತೆ. ಮದವ್ಯಾಗ ಅಪ್ಪ ತುಂಬಿಕೊಟ್ಟ ಗಾದಿ ಕೈಗೆ ಬಂತು. ನಾ ಮೊಂಬಾಸಾದಾಗ ಇದ್ದಾಗ ಅಪ್ಪ ಸತ್ತಿದ್ದ, ಮಾರಿ ನೋಡಾಕ ಆಗಿರಲಿಲ್ಲ. ಅವನ ಕೈಯಾಗಿಂದು ಅಂತ ನನ್ನ ಹತ್ರ ಇದ್ದದ್ದು ಅದೊಂದ. ಸಿಟ್ಟು ಬಂತು, ಅಳೂ ಬಂತು. ದರದರ ಎಳಕೊಂಡು ಅದ ಓಣಿಗೆ ಹೋಗಿ, ನಟ್ಟನಡುವ ಹಾಕಿ ಹೊಲಿಗಿ ಬಿಚ್ಚಿದೆ. ಗಂಟುಗಂಟಾಗಿ ಕೂತಿದ್ದ ಹತ್ತಿಗೆ ಕಮಾನು ಹಿಡದು ಕೊಡತಿಲೆ ಬಡದೆ. ಹತ್ತಿ ಉಬ್ಬಿ ಮಣಕಾಲ ಮಟ ಬಂತು. ಆವಾಗ ಬಾಗಲಾ ತೆರದ್ವು. ಹೆಂಗಸರು ಬಂದು ಮುಟ್ಟಿ ಮುಟ್ಟಿ ನೋಡಿದ್ರು. ಹೊಳ್ಳಿ ತುಂಬಿ ಹೊಲಿಯೂ ಮಟ ಯಾರೂ ಕದಲಲಿಲ್ಲ. ಕಾಕಾನೂ ನನ್ನ ಹುಡುಕಿಕೋತ ಬಂದು ನಿಂತಿದ್ರು.

ಒಬ್ಬ ದೊಡ್ಡ ಮನಿ ಹೆಣ್ಮಗಳು ಅಂಗೈಲೆ ಒತ್ತಿ ನೋಡಿ, ಈ ಗಾದಿ ತನಗ ಬೇಕು ಅಂದ್ಲು. ಇಂಥಾದ್ದ ಇನ್ನೊಂದು ಮಾಡಿಕೊಡ್ತೇನಿ ಅಂತ ಕೈಸನ್ನಿ ಮಾಡಿದೆ. ತಲಿ ಅಲ್ಲಾಡಿಸಿದ್ಲು, ಇದ ಬೇಕು. ಕಾಕಾ ನನ್ನ ಮಾರಿ ನೋಡಿದ್ರು. ಗಾದಿ ಇಟ್ಟುಕೊಂಡ್ರ ಆಗಬೋಟಿ ಹತ್ತಬೇಕು, ಕೊಟ್ರ ಇಲ್ಲಿ ಉಳೀಬಹುದು.

'ಒಯ್ರಿ' ಅಂದೆ.

ಆಕಿ ರೊಕ್ಕ ಎಣಿಸಿ ಕೊಟ್ಲು, ಆಳುಗಳು ಹೊತ್ತುಕೊಂಡು ಹೋದ್ರು. ಕಾಕಾ ಟಿಕೀಟು ವಾಪಸ್ ಕೊಟ್ಟು ಬಂದ್ರು. ಆಮ್ಯಾಲ ಕೆಲಸ ಬಂತು, ಹೊಟ್ಟಿ ತುಂಬಿತು, ಅಬೀದಾ ಸಾಲಿಗೆ ಹೋದ್ಲು. ಅದೆಲ್ಲಾ ಖರೇ. ಆದ್ರ ಅವತ್ತ ಆ ಓಣ್ಯಾಗ ಕುಂತು ಅತ್ತಷ್ಟು ನಾ ಗಂಡ ಸತ್ತಾಗನೂ ಅತ್ತಿರಲಿಲ್ಲ. ನಮ್ಮೊಳಗ ಹೆಣ್ಮಕ್ಳು ಗೋರಿಗೆ ಮಣ್ಣು ಕೊಡಾಂಗಿಲ್ಲ. ಆ ಗಾದಿ ಕೈ ಬಿಟ್ಟು, ನಮ್ಮಪ್ಪಗ ನಾ ಅವತ್ತ ಮಣ್ಣು ಕೊಟ್ಟೆ.