ಕಪಾಟಿನಲ್ಲಿದೆ ಎನ್ನುವ ಪುಸ್ತಕ

ಹಾಸ್ಟೆಲಿನ ಹುಡುಗಿಯರು ಅವಳಿಗೆ ಗುಬ್ಬಿ ಎಂದು ಹೆಸರಿಟ್ಟಿದ್ದರು. ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕಿಟಕಿ ಪಕ್ಕದ ಮೇಜು ಹಿಡಿದು, ಎಲ್ಲೆಲ್ಲಿಂದಲೋ ಪುಸ್ತಕ, ಚೀಟಿ, ಜೆರಾಕ್ಸ್ ಹಾಳೆಗಳನ್ನು ತಂದು ಗೂಡು ಕಟ್ಟಿದಂತೆ ಸುತ್ತ ಪೇರಿಸಿಕೊಂಡು ನಡುವೆ ಕುಳಿತಿರುತ್ತಿದ್ದಳು. ಉಪ್ಪಿನ ಆಗರಗಳ ಚರಿತ್ರೆ ಅವಳ ಪಿಎಚ್‌ಡಿಯ ವಿಷಯ. ಸಮುದ್ರದ ನೀರನ್ನು ಮಡಿಗಳಿಗೆ ಹಾಯಿಸಿ, ಬಿಸಿಲಿಗೆ ಬಿಟ್ಟು ಉಪ್ಪು ತೆಗೆಯುತ್ತಿದ್ದ ಜನ ಎಲ್ಲಿ ಹೋದರು, ಆ ಜಾಗಗಳು ಏನಾದವು ಎಂದು ಹುಡುಕುತ್ತಿದ್ದಳು.

ಅದಕ್ಕೆ ಬೇಕಾದ ಮುಖ್ಯ ಪುಸ್ತಕ ಒಂದೇ. ದಪ್ಪ ರಟ್ಟಿನ ಹಳೆಯ ಸಮೀಕ್ಷೆ. ಒಳಗೆ ಮಡಿಸಿಟ್ಟ ನಕ್ಷೆಗಳು, ಬಿಚ್ಚಿದರೆ ಮೇಜು ತುಂಬುವಂಥವು. ಇಂಟರ್ನೆಟ್ಟಿನಲ್ಲಿ ಎಷ್ಟು ತಡಕಿದರೂ ಸಿಗುವುದಿಲ್ಲ. ಲೈಬ್ರರಿಯಲ್ಲಿದ್ದದ್ದು ಒಂದೇ ಪ್ರತಿ, ಅದೂ ರೆಫರೆನ್ಸ್ ವಿಭಾಗದ್ದು. ಮನೆಗೆ ಕೊಡುವುದಿಲ್ಲ, ಅಲ್ಲೇ ಓದಿ ಅಲ್ಲೇ ಇಡಬೇಕು.

ಆ ವರ್ಷ ಗುಬ್ಬಿಯ ಮಾರ್ಗದರ್ಶಕರ ಬಳಿಯೇ ಟೀಚರಕ್ಕ ಸಂಶೋಧನೆಗೆ ಸೇರಿದರು. ನಲವತ್ತು ದಾಟಿದವರು, ದೂರದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತ ಶನಿವಾರ ಮಾತ್ರ ಬಸ್ಸು ಹಿಡಿದು ಬರುತ್ತಿದ್ದವರು. ಅವರ ವಿಷಯವೂ ಆಗರಗಳದ್ದೇ; ತಾಯಿ ಹರೆಯದಲ್ಲಿ ಆಗರದಲ್ಲಿ ಉಪ್ಪು ಹೊತ್ತವರಂತೆ. ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದ ಆ ಮಾರ್ಗದರ್ಶಕರು ಹೊಗಳುವುದರಲ್ಲಿ ಮಹಾ ಜಿಪುಣರು. ಅಂಥವರು ಟೀಚರಕ್ಕನ ಮೊದಲ ಬರಹ ಓದಿ, ಎಲ್ಲರ ಮುಂದೆ, "ನೋಡ್ರಪ್ಪ, ಇದ್ರಲ್ಲಿ ಬೆವರಿನ ವಾಸನೆ ಇದೆ. ನಿಮ್ದೆಲ್ಲ ಬರೀ ಅಡಿಟಿಪ್ಪಣಿ" ಎಂದುಬಿಟ್ಟರು. 'ನಿಮ್ದು' ಎಂದರೆ ಯಾರದು ಎಂದು ಗುಬ್ಬಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅದೇ ವಾರ, ಲೈಬ್ರರಿ ಮುಚ್ಚುವ ಹೊತ್ತಿಗೆ ಸಮೀಕ್ಷೆಯನ್ನು ಅದರ ಜಾಗಕ್ಕೆ ಇಡಲು ಎದ್ದವಳು ಮೆಟ್ಟಿಲ ಬಳಿ ನಿಂತಳು. ಟೀಚರಕ್ಕನಿಗೂ ಇದೇ ಬೇಕು. ಅವರು ಶನಿವಾರ ಬಂದು ಇದನ್ನು ಹಿಡಿದು ಕೂತರೆ, ತನಗಿಂತ ಮೊದಲೇ ಬರೆದು ಮುಗಿಸಿದರೆ? ತನ್ನ ಅಧ್ಯಾಯ ಮುಗಿಯುವವರೆಗೆ ಅಷ್ಟೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮೇಲಿನ ಮಹಡಿಗೆ ಹತ್ತಿದಳು. ಅಲ್ಲಿ ಯಾರೂ ಮುಟ್ಟದ ದಂತವೈದ್ಯದ ಹಳೆಯ ಜರ್ನಲ್ ಸಂಪುಟಗಳಿದ್ದವು. ಅವುಗಳ ಹಿಂದೆ ಪುಸ್ತಕವನ್ನು ಅಡ್ಡ ಮಲಗಿಸಿ ಇಳಿದು ಬಂದಳು. ಬಾಗಿಲಲ್ಲಿ ಕಾವಲಿನವನು ಎಂದಿನಂತೆ ಚೀಲದೊಳಗೆ ಇಣುಕಿ, "ಏನೂ ಇಲ್ವಲ್ಲ?" ಎಂದ. "ಏನೂ ಇಲ್ಲ" ಎಂದಳು. ಚೀಲದ ಮಟ್ಟಿಗೆ ಅದು ನಿಜವೇ ಆಗಿತ್ತು.

ಶನಿವಾರ ಟೀಚರಕ್ಕ ಕಂಪ್ಯೂಟರಿನ ಮುಂದಿನಿಂದ ಕೈ ಬೀಸಿ ಕರೆದರು. "ಏ ಗುಬ್ಬಿ, ಸ್ವಲ್ಪ ಬಾರಮ್ಮ ಇಲ್ಲಿ. ಇದು 'ಕಪಾಟಿನಲ್ಲಿದೆ' ಅಂತ ತೋರಿಸ್ತಾ ಇದೆ. ಕಪಾಟಲ್ಲಿ ನೋಡಿದ್ರೆ ಇಲ್ಲ. ನಾನು ನಂಬರ್ ಸರಿಯಾಗಿ ಬರ್ಕೊಂಡಿದೀನಾ ನೋಡು."

ನಂಬರು ಸರಿಯಾಗಿಯೇ ಇತ್ತು. ಇಬ್ಬರೂ ಕಪಾಟಿನ ಬಳಿ ಹೋದರು. ಟೀಚರಕ್ಕ ಪುಸ್ತಕಗಳ ಬೆನ್ನಿನ ಮೇಲೆ ಬೆರಳಾಡಿಸುತ್ತ ಒಂದೊಂದೇ ನಂಬರನ್ನು ಪಿಸುಗುಟ್ಟಿ ಓದಿದರು. ಗುಬ್ಬಿ ಕುಕ್ಕರುಗಾಲಲ್ಲಿ ಕೂತು ಕೆಳಗಿನ ಸಾಲನ್ನು ಹುಡುಕುವ ನಾಟಕ ಆಡಿದಳು. "ಯಾರೋ ತಗೊಂಡು ಓದ್ತಿರಬೇಕು ಅಕ್ಕಾ" ಎಂದಳು. ಕಿವಿ ಬಿಸಿಯಾಗಿತ್ತು.

ಆ ಬಿಸಿ ಆರಲೆಂದೋ ಏನೋ, ಅವತ್ತು ಅವಳು ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿಕೊಟ್ಟಳು. ಕ್ಯಾಟಲಾಗಿನಲ್ಲಿ ಲೇಖಕರ ಹೆಸರು ಗೊತ್ತಿಲ್ಲದಿದ್ದರೆ ವಿಷಯ ಹಿಡಿದು ಹುಡುಕುವುದು, ಬೇರೆಯವರು ಒಯ್ದ ಪುಸ್ತಕಕ್ಕೆ ಸರದಿ ಹಚ್ಚುವುದು, ಮನೆಯಿಂದಲೇ ಲಾಗಿನ್ ಆಗಿ ಜರ್ನಲ್‌ಗಳನ್ನು ಓದುವುದು.

"ಮನೇಲೇ ಕೂತು ಓದಬಹುದಾ! ಮೊದಲೇ ಗೊತ್ತಿದ್ರೆ ಬಸ್ಸಲ್ಲಿ ನಿಂತು ನಿಂತು ಕಾಲು ಬೀಳ್ತಿರಲಿಲ್ಲ" ಎಂದು ಟೀಚರಕ್ಕ ಮಕ್ಕಳಂತೆ ಹಿಗ್ಗಿದರು. ಹೊಸ ಪಾಸ್‌ವರ್ಡ್ ಕೊಟ್ಟಾಗ ಅದು ಗಟ್ಟಿಯಾಗಿಲ್ಲ ಎಂದು ಕಂಪ್ಯೂಟರ್ ತಕರಾರು ತೆಗೆಯಿತು. "ನಾನೇ ಗಟ್ಟಿ ಇಲ್ಲ, ಇನ್ನು ಪಾಸ್‌ವರ್ಡ್ ಎಲ್ಲಿಂದ ಗಟ್ಟಿ ಆಗತ್ತೆ?" ಎಂದು ನಕ್ಕರು. ಗುಬ್ಬಿಯೂ ನಕ್ಕಳು. ಹೊರಡುವಾಗ ಅವಳ ತಲೆ ಸವರಿ, "ನಿನ್ನಂಥೋರು ಒಬ್ರು ಜೊತೇಲಿದ್ರೆ ಧೈರ್ಯ ಕಣೇ" ಎಂದರು. ಆ ಕೈ ತಲೆಯ ಮೇಲಿದ್ದಷ್ಟು ಹೊತ್ತೂ ಗುಬ್ಬಿ ಉಸಿರು ಬಿಗಿಹಿಡಿದಿದ್ದಳು.

ವಾರವಿಡೀ ಮೇಲಿನ ಮಹಡಿಯಲ್ಲೇ ಕೂತು ಓದಿ, ಮತ್ತೆ ಅಲ್ಲೇ ಬಚ್ಚಿಟ್ಟು, ಪ್ರತಿ ಶುಕ್ರವಾರ ಪುಸ್ತಕವನ್ನು ಜಾಗಕ್ಕಿಡಬೇಕು ಎಂದುಕೊಳ್ಳುತ್ತಿದ್ದಳು. ಪ್ರತಿ ಸಲ ಇನ್ನೊಂದು ನಕ್ಷೆ ಬಾಕಿ ಇರುತ್ತಿತ್ತು. ಶನಿವಾರ ಟೀಚರಕ್ಕ ಮತ್ತೆ ಅದೇ ಸಾಲಿನಲ್ಲಿ ಬೆರಳಾಡಿಸುತ್ತಿದ್ದರು. ಒಂದು ದಿನ ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತ, "ಎಲ್ಲರಿಗೂ ಸಿಗೋದು ನಂಗೊಬ್ಬಳಿಗೆ ಸಿಗ್ತಿಲ್ಲ ಅಂದ್ರೆ ದೋಷ ನನ್ನಲ್ಲೇ ಇದೆ ಬಿಡು" ಎಂದರು.

ತಿಂಗಳ ಕೊನೆಗೆ ಮೇಷ್ಟ್ರು ಇಬ್ಬರನ್ನೂ ಕೋಣೆಗೆ ಕರೆದರು. ಟೀಚರಕ್ಕನ ಹಾಳೆಗಳನ್ನು ತಿರುವಿ, ಸಮೀಕ್ಷೆ ಯಾಕೆ ನೋಡಿಲ್ಲ ಎಂದು ಕೇಳಿದರು.

"ಸಿಗ್ತಾ ಇಲ್ಲ ಸರ್."

"ಸಿಗ್ತಾ ಇಲ್ವಾ? ಕ್ಯಾಟಲಾಗಲ್ಲಿ ಇವತ್ತು ಬೆಳಿಗ್ಗೆ ನಾನೇ ನೋಡಿದೀನಿ. ಕಪಾಟಲ್ಲಿದೆ. ಇರೋ ಪುಸ್ತಕ ಹುಡುಕಕ್ಕೆ ಬರದೋರು ಇಲ್ಲದಿರೋ ಆಗರ ಹೇಗ್ರೀ ಹುಡುಕ್ತೀರಾ? ಈ ಹುಡುಗೀನ ಕೇಳಿ, ಇವಳು ಮುಕ್ಕಾಲು ನಕ್ಷೆ ನೋಡಿ ಮುಗಿಸಿದಾಳೆ."

ದಿನವಿಡೀ ತರಗತಿಯಲ್ಲಿ ಮಕ್ಕಳನ್ನು ನಿಲ್ಲಿಸಿ ಪ್ರಶ್ನೆ ಕೇಳುವ ಟೀಚರಕ್ಕ ಚೀಲದ ಪಟ್ಟಿಯನ್ನು ತಿರುಚುತ್ತ ನಿಂತಿದ್ದರು. "ನಂದೇ ತಪ್ಪು ಸರ್" ಎಂದರು. ಗುಬ್ಬಿ ನೆಲದ ಕಲ್ಲಿನ ಬಿರುಕನ್ನೇ ನೋಡುತ್ತ ನಿಂತಳು.

ಹೊರಗೆ ಬಂದಾಗ ಟೀಚರಕ್ಕ, "ಬಿಟ್ಟುಬಿಡ್ತೀನಿ ಕಣೇ ಇದನ್ನ. ಈ ವಯಸ್ಸಲ್ಲಿ ಯಾಕೆ ಬೇಕಿತ್ತು" ಎಂದು ಬಸ್ ನಿಲ್ದಾಣದ ಕಡೆ ನಡೆದರು.

ಗುಬ್ಬಿ ಲೈಬ್ರರಿಗೆ ಓಡಿದಳು. ಮೆಟ್ಟಿಲುಗಳನ್ನು ಹಾರಿ ಹತ್ತಿ ಮೇಲಿನ ಮಹಡಿಗೆ ಬಂದವಳು ಗಕ್ಕನೆ ನಿಂತಳು. ಕಪಾಟುಗಳು ಖಾಲಿ. ಸಂಪುಟಗಳಿದ್ದ ಕಡೆ ಧೂಳಿನ ಗೆರೆಗಳಷ್ಟೇ. ನೆಲ ಗುಡಿಸುತ್ತಿದ್ದವಳು, "ಅವೆಲ್ಲ ಈಗ ಕಂಪ್ಯೂಟರಲ್ಲೇ ಸಿಗತ್ತಂತೆ. ಗಂಟು ಕಟ್ಟಿ ಗೋಡೌನಿಗೆ ಹಾಕಿದ್ರು. ಅಲ್ಲಿಂದ ರದ್ದಿಗೆ ಹೋಗತ್ತೇನೋ" ಎಂದಳು.

ಸದ್ದಿಲ್ಲದೆ ಇಟ್ಟು ಬರುವ ದಾರಿ ಗುಬ್ಬಿಗೆ ಇನ್ನು ಉಳಿದಿರಲಿಲ್ಲ. ಕೌಂಟರಿಗೆ ಹೋಗಿ, ಗೋಡೌನಿನ ಗಂಟುಗಳಲ್ಲಿ ಆ ಸಮೀಕ್ಷೆ ಸೇರಿಕೊಂಡಿದೆ, ಹುಡುಕಬೇಕು ಎಂದು ತೊದಲಿದಳು.

ಲೈಬ್ರರಿಯನ್ ಮೇಡಂ ತಲೆಯೆತ್ತಿದರು. "ಅಲ್ಲಿದೆ ಅಂತ ನಿಮಗೆ ಹೇಗೆ ಗೊತ್ತು?"

ಹಿಂದೆ ಪುಸ್ತಕ ಹಿಡಿದು ಸಾಲಿನಲ್ಲಿ ನಿಂತವರಿದ್ದರು. "ನಾನೇ ಬಚ್ಚಿಟ್ಟಿದ್ದೆ ಮೇಡಂ."

ಅವರು ಕೂಗಾಡಲಿಲ್ಲ. "ಆ ಟೀಚರ್ ಎಷ್ಟು ಸಲ ಬಂದು ಕೇಳಿದ್ರು ಗೊತ್ತಾ? 'ಸರಿಯಾಗಿ ನೋಡಿ, ಅಲ್ಲೇ ಇರತ್ತೆ' ಅಂತ ಅಂದು ಅಂದು ಕಳಿಸಿದೀವಿ" ಎಂದಷ್ಟೇ ಹೇಳಿ ಬೀಗದ ಕೈ ತೆಗೆದುಕೊಂಡರು. ಗೋಡೌನಿನಲ್ಲಿ ಇಬ್ಬರೂ ಗಂಟು ಬಿಚ್ಚಿ ಬಿಚ್ಚಿ ಹುಡುಕಿದರು. ಪುಸ್ತಕ ಸಿಕ್ಕಿತು. ಹುರಿ ಬಿಗಿದಿದ್ದ ಕಡೆ ರಟ್ಟು ಮುರಿದಿತ್ತು. ಒಂದು ನಕ್ಷೆ ಮಡಿಕೆಯಲ್ಲಿ ಹರಿದಿತ್ತು. ವರ್ಷ ಮುಗಿಯುವವರೆಗೆ ಗುಬ್ಬಿ ರೆಫರೆನ್ಸ್ ವಿಭಾಗಕ್ಕೆ ಕಾಲಿಡುವಂತಿಲ್ಲ ಎಂದು ಮೇಡಂ ಹೇಳಿದರು. "ಪುಸ್ತಕ ಸಿಕ್ಕಿತು ಅಂತ ಟೀಚರ್‌ಗೆ ನಾನು ಫೋನ್ ಮಾಡ್ತೀನಿ. ಮಿಕ್ಕಿದ್ದು ನೀವೇ ಹೇಳ್ಬೇಕು." ಗುಬ್ಬಿ ತಲೆಯಾಡಿಸಿದಳು. ಹೇಳುವ ಧೈರ್ಯ ಆ ವಾರವಿಡೀ ಬರಲಿಲ್ಲ.

ಶನಿವಾರ ಟೀಚರಕ್ಕ ಪುಸ್ತಕವನ್ನು ಎದೆಗವಚಿಕೊಂಡು ಅವಳ ಮೇಜಿಗೇ ಬಂದರು. "ಗೋಡೌನೆಲ್ಲ ಜಾಲಾಡಿ ನೀನೇ ಹುಡುಕಿದ್ಯಂತೆ! ಮೇಡಂ ಹೇಳಿದ್ರು. ನೀನಿಲ್ಲದಿದ್ರೆ ನಾನು ಈ ಕಡೆ ತಲೆ ಹಾಕ್ತಿರಲಿಲ್ಲ ನೋಡು." ಗುಬ್ಬಿಯ ಹಾಳೆಗಳನ್ನು ಪಕ್ಕಕ್ಕೆ ಸರಿಸಿ ನಕ್ಷೆ ಬಿಚ್ಚಿದರು. ಬೆರಳು ದಡದ ಗೆರೆಯುದ್ದಕ್ಕೂ ಸರಿದು ಒಂದು ಕಡೆ ನಿಂತಿತು. "ಇದೇ ಇರ್ಬೇಕು, ನಮ್ಮಮ್ಮ ಕೆಲಸ ಮಾಡ್ತಿದ್ದ ಆಗರ. ಅಯ್ಯೋ, ಸರಿಯಾಗಿ ಇಲ್ಲೇ ಹರಿದಿದೆ. ಯಾವ ಕತ್ತೆ ಮಾಡಿದ್ದೋ ಏನೋ!"

"ಅಕ್ಕಾ, ಆ ಕತ್ತೆ ನಾನೇ."

ಟೀಚರಕ್ಕ ತಮಾಷೆ ಎಂದುಕೊಂಡು ನಕ್ಕರು. ಗುಬ್ಬಿ ನಗಲಿಲ್ಲ. ದಂತವೈದ್ಯದ ಸಂಪುಟಗಳು, ಶುಕ್ರವಾರಗಳು, ಹೊಟ್ಟೆಕಿಚ್ಚು, ಮೇಷ್ಟ್ರ ಕೋಣೆಯಲ್ಲಿ ಬಾಯಿ ಬಿಡದೆ ನಿಂತದ್ದು ಎಲ್ಲವನ್ನೂ ತಲೆ ತಗ್ಗಿಸಿಯೇ ಹೇಳಿದಳು.

ಟೀಚರಕ್ಕ ನಕ್ಷೆಯನ್ನು ಮೆಲ್ಲಗೆ ಮಡಿಸಿದರು. "ಜೊತೆಗೆ ಕೂತು ಹುಡುಕಿದ್ಯಲ್ಲೇ. ಕೆಳಗಿನ ಸಾಲೆಲ್ಲ ನೋಡಿದ್ಯಲ್ಲೇ" ಎಂದರು. ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ನಂಬಲಾಗದ ಗೊಂದಲವಿತ್ತು. "ಮನೇಲಿ ಹೇಳಿದ್ದೆ, ನಂಗೆ ಇದೆಲ್ಲ ತಲೆಗೆ ಹತ್ತಲ್ಲ ಅಂತ. ಮಗಳು 'ಹೌದಮ್ಮ, ಬಿಡು' ಅಂದ್ಲು. ಈಗ ಅವಳ ತಲೆಯಿಂದ ಅದನ್ನ ಹೇಗೆ ತೆಗೀಲಿ ಹೇಳು?"

ಟೀಚರಕ್ಕ ಪುಸ್ತಕವನ್ನು ಕೈಗೆತ್ತಿಕೊಂಡರು.

"ಏಳು. ನಿನ್ನ ಮುಂದೆ ಮೇಷ್ಟ್ರು ನಂಗೆ ಬೈದ್ರು. ಇದನ್ನ ನನ್ನ ಮುಂದೆ ಅವರಿಗೆ ಹೇಳು."

ಕೋಣೆಯಲ್ಲಿ ಎರಡನೆಯ ಸಲ ಹೇಳುವುದು ಮೊದಲ ಸಲಕ್ಕಿಂತ ಕಷ್ಟವಾಯಿತು. ಕೇಳುತ್ತ ಕೇಳುತ್ತ ಮೇಷ್ಟ್ರ ಮುಖ ಬಾಡಿತು. ಎದ್ದು, ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ತಾವೇ ಕೆಳಗಿಟ್ಟು, "ಕೂತ್ಕೊಳ್ಳಿ ಟೀಚರ್" ಎಂದರು. "ಅವತ್ತು ನಾನು ಹಾಗೆ ಮಾತಾಡಬಾರದಿತ್ತು." ಗುಬ್ಬಿಗೆ ಒಂದು ಮಾತೂ ಬೈಯಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತ ಅವಳು ಹೊರಗೆ ಬಂದಳು.

ಟೀಚರಕ್ಕ ಸಂಶೋಧನೆ ಬಿಡಲಿಲ್ಲ. ಆಗರದ ಅಧ್ಯಾಯವನ್ನು ಬೇಸಿಗೆ ರಜೆಯಲ್ಲಿ ಬರೆದು ಮುಗಿಸಿದರು. ಗುಬ್ಬಿಯ ಅಧ್ಯಾಯ, ಕೊನೆಯ ನಕ್ಷೆಗಳು ಸಿಗದೆ, ಅರ್ಧಕ್ಕೇ ನಿಂತಿತು. ಎದುರಾದಾಗ ಟೀಚರಕ್ಕ "ಊಟ ಆಯ್ತಾ?" ಎನ್ನುತ್ತಿದ್ದರು. ಮಾತಿನ ಕೊನೆಯ 'ಕಣೇ' ಹೋಗಿತ್ತು.

ಮಳೆಗಾಲದ ಒಂದು ಶನಿವಾರ ಲೈಬ್ರರಿಯ ವೆಬ್‌ಸೈಟು ಬದಲಾಗಿತ್ತು. ಟೀಚರಕ್ಕ ಕಂಪ್ಯೂಟರಿನ ಮುಂದೆ ಲಾಗಿನ್ ಆಗಲು ಮತ್ತೆ ಮತ್ತೆ ಒದ್ದಾಡಿದರು. ಯಾರಾದರೂ ಸಿಗುತ್ತಾರೇನೋ ಎಂದು ತಿರುಗಿ ನೋಡಿದರು. ಕಿಟಕಿ ಪಕ್ಕದಲ್ಲಿ ಗುಬ್ಬಿ ಅರ್ಧ ಎದ್ದು ನಿಂತಿದ್ದಳು. ಒಂದು ಗಳಿಗೆ ಇಬ್ಬರ ಕಣ್ಣೂ ಕೂಡಿದವು. ಟೀಚರಕ್ಕ ಕುರ್ಚಿ ಹಿಂದಕ್ಕೆ ತಳ್ಳಿ, ಕೌಂಟರಿನ ಕಡೆ ನಡೆದು, ಅಲ್ಲಿನ ಸರದಿಯ ಕೊನೆಯಲ್ಲಿ ನಿಂತರು.