ನಾ ನಿಮ್ಮ ಹಿಂದ ಅದೀನಿ

ಹೋಟಗಿಯ ನಮ್ಮ ಕ್ರೈಸ್ತ ಪ್ರಾರ್ಥನಾಮಂದಿರಕ್ಕೆ ಸಭೆ ನಡೆಸುವ ಹಿರಿಯನನ್ನು ಆರಿಸುವ ಆ ಭಾನುವಾರ ನಾನು ಮನೆಯಿಂದಲೇ ಸಿಟ್ಟು ಕಟ್ಟಿಕೊಂಡು ಹೊರಟಿದ್ದೆ. ನಾನು ಸುಮಿತ್ರಾಬಾಯಿ, ಇಲ್ಲಿನ ಶಾಲೆಯ ಶಿಕ್ಷಕಿ. ಊರವರಿಗೆಲ್ಲ ಬರೀ ‘ಬಾಯಿ’. ಹೆಸರಿಗೆ ತಕ್ಕಂತೆ ನನ್ನ ಬಾಯಿಯೂ ಜೋರು.

ಸಿಟ್ಟು ಯಾಕೆಂದು ಹೇಳುತ್ತೇನೆ. ಎಪ್ಪತ್ತನಾಲ್ಕರ ಮೇ ತಿಂಗಳಲ್ಲಿ ರೈಲ್ವೆ ಮುಷ್ಕರವಾಯಿತು, ನಮ್ಮ ಕಡೆಯವರ ಮಾತಿನಲ್ಲಿ ‘ಸಂಪ’. ನಮ್ಮ ಸಭೆಯಲ್ಲಿ ಅರ್ಧಕ್ಕರ್ಧ ಹಳಿ ಕೆಲಸದ ಗ್ಯಾಂಗ್‌ಮನ್‌ಗಳು. ಆಗಿನ ಹಿರಿಯ ಅಣ್ಣಾರಾಯ, ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತ. ಮುಷ್ಕರದ ಹಿಂದಿನ ದಿನ ಇದೇ ಮಂದಿರದಲ್ಲಿ ನಿಂತು ಅವರಿಗೆ ಹೇಳಿದ್ದ.

“ಅಂಜಬ್ಯಾಡ್ರಿ. ನೀವು ನಡೀರಿ, ನಾ ನಿಮ್ಮ ಹಿಂದ ಅದೀನಿ.”

ಮಾತು ಉಳಿಸಿಕೊಂಡ, ಹಿಂದೆಯೇ ಉಳಿದ. ಮೂರನೆಯ ದಿನ ಗ್ಯಾಂಗ್‌ಮನ್‌ಗಳು ತಿರುಗಿ ನೋಡಿದರೆ ಅಣ್ಣಾರಾಯ ಟಿಕೆಟ್ ಕಿಟಕಿಯ ಒಳಗೆ ಕೂತಿದ್ದಾನೆ. ಓದೋದು ಶಾಸ್ತ್ರ, ಹಾಕೋದು ಗಾಳ ಎನ್ನುವುದು ಇಂಥವರನ್ನು ನೋಡಿಯೇ.

ಮುಷ್ಕರ ಮುರಿದ ಮೇಲೆ ಮೇಲಿನ ಸಾಹೇಬರು ಬಂದು, ಇವರನ್ನೆಲ್ಲ ಎಬ್ಬಿಸಿದವರು ಯಾರು ಎಂದು ಕೇಳಿದರು. ಕಲ್ಲಣ್ಣ ಎಂಬ ಗ್ಯಾಂಗ್‌ಮನ್ ಮುಂದೆ ಬಂದ. ಸಭೆಯಲ್ಲಿ ಒಂದು ದಿನವೂ ಗಟ್ಟಿಯಾಗಿ ಪ್ರಾರ್ಥನೆ ಮಾಡಿದವನಲ್ಲ. “ನಾನರೀ ಸಾಹೇಬ್ರ. ಇವ್ರು ನನ್ನ ಮಾತು ಕೇಳಿ ಬಂದವ್ರು” ಎಂದ. ಉಳಿದ ಹನ್ನೊಂದು ಮಂದಿ ಕೆಲಸಕ್ಕೆ ಮರಳಿದರು. ಕಲ್ಲಣ್ಣನ ಕೆಲಸ ಹೋಯಿತು, ಅದರ ಬೆನ್ನಿಗೇ ಕ್ವಾರ್ಟರ್ಸೂ ಹೋಯಿತು. ಅವನು, ಹೆಂಡತಿ ನೀಲಾಬಾಯಿ, ಎರಡು ಮಕ್ಕಳು ಮಂದಿರದ ವರಾಂಡಕ್ಕೆ ಬಂದರು. ಜೂನಿನ ಮಿರಗದ ಮಳೆ ಹಿಡಿದು, ಹೊದೆಯಲು ಇದ್ದ ಎರಡು ಕೌದಿಗಳೂ ತೊಯ್ದು ಹೋಗಿದ್ದವು.

ಈಗ ಅವಧಿ ಮುಗಿದಿದ್ದ ಅಣ್ಣಾರಾಯನಿಗೆ ಮತ್ತೆ ಹಿರಿಯನಾಗಬೇಕಿತ್ತು. ಆದ ಕೂಡಲೇ ಮೊದಲ ಕೆಲಸ ಕಲ್ಲಣ್ಣನ ಸಂಸಾರವನ್ನು ವರಾಂಡದಿಂದ ಎಬ್ಬಿಸುವುದು. “ಸಂಪ ಮಾಡಿದವ್ರನ್ನ ಇಟ್ಕೊಂಡ್ರ ಮಂದಿರಕ್ಕ ಕೆಟ್ಟ ಹೆಸರು” ಎಂದು ಮನೆ ಮನೆಗೆ ಹೇಳಿಬಂದಿದ್ದ.

ಸೋಲಾಪುರದಿಂದ ಬಂದ ಪಾದ್ರಿಯವರು ಹಿರಿಯನಲ್ಲಿ ಇರಬೇಕಾದ ಗುಣಗಳನ್ನು ಮರಾಠಿಯಲ್ಲಿ ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದರು. ಕುಡಿಯಬಾರದು. ಮಕ್ಕಳು ಮಾತು ಕೇಳುವಂತಿರಬೇಕು. ಬೋಧಿಸಲು ಬರಬೇಕು. ಒಂದೊಂದಕ್ಕೂ ಜನ ಅಣ್ಣಾರಾಯನ ಕಡೆ ನೋಡಿ ತಲೆಯಾಡಿಸಿದರು. ಕಲ್ಲಣ್ಣನಿಂದ ಕೆಲಸ ಉಳಿಸಿಕೊಂಡ ಆ ಹನ್ನೊಂದು ಮಂದಿಯೂ ಆಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತೆ.

“ಪಾದ್ರಿಸಾಹೇಬ್ರ, ತೋಳ ಬಂತಂದ್ರ ಕುರಿ ಬಿಟ್ಟು ಓಡಾವಗ ನಮ್ಮ ಕರ್ತ ಏನಂದಾನ?”

ಪಾದ್ರಿಯವರು ತಡವರಿಸಿದರು. “ಕೂಲಿಯವ ಅಂದಾನ, ಕುರುಬ ಅಲ್ಲ ಅಂದಾನ.”

“ಮತ್ತ ಇಲ್ಲಿ ಕೂಲಿಯವನ್ನ ಯಾಕ ಕೂಡಸ್ತೀರಿ? ಮುಂದಾಳು ಅಂದ್ರ ಮುಂದ ನಿಲ್ಲೋ ಆಳು. ಮುಂದ ನಿಂತಾವ ಹೊರಗ ವರಾಂಡದಾಗ ಕುಂತಾನ. ಕಲ್ಲಣ್ಣನ್ನ ಆರಸ್ರಿ.”

ಅಣ್ಣಾರಾಯ ಏಳಲೂ ಇಲ್ಲ. ಕೂತಲ್ಲಿಂದಲೇ ತಣ್ಣಗೆ ಮಾತಾಡಿದ.

“ಪಾದ್ರಿಸಾಹೇಬ್ರು ಓದೂದು ಇನ್ನೂ ಒಂದು ಗುಣ ಉಳದೈತಿ, ಬಾಯಾರ. ಹಿರಿಯ ಆದಾವ ಅತಿಥಿನ್ನ ಮನಿಗೆ ಕರೀಬೇಕು. ಕಲ್ಲಣ್ಣಗ ಮನಿನ ಇಲ್ಲ.”

ಒಂದಿಬ್ಬರು ನಕ್ಕರು.

“ಅವನ ಮನಿ ಯಾರ ಸಲುವಾಗಿ ಹೋತು?” ಎಂದೆ.

“ಯಾರ ಸಲುವಾಗರ ಹೋಗ್ಲಿ. ನಿಮ್ಮ ಮನ್ಯಾಗ ಎರಡು ಖೋಲಿ ಅದಾವು, ಇರೋರು ನೀವೊಬ್ಬರ. ತಿಂಗಳಾತು. ನೀವು ಕರದೀರೇನು?”

ಕರೆದಿರಲಿಲ್ಲ. ತಿಂಗಳಿಡೀ ದಿನಾ ಸಂಜೆ ಆ ವರಾಂಡದ ಮುಂದೆ ನಿಂತು ಅಣ್ಣಾರಾಯನನ್ನು ಬೈದಿದ್ದೆ. ಎರಡು ರೊಟ್ಟಿ ಕೊಟ್ಟು, “ಅಂಜಬ್ಯಾಡ ನೀಲಾ, ನಾ ಅದೀನಿ” ಅಂದಿದ್ದೆ. ಆಮೇಲೆ ಮನೆಗೆ ಹೋಗಿ ಚಿಲಕ ಹಾಕಿಕೊಂಡು ಮಲಗಿದ್ದೆ. ಅಣ್ಣಾರಾಯನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ. ಆ ಹೇಡಿಯ ಬಾಯಿಂದ ನಿಜ ಕೇಳಬೇಕಾಯಿತಲ್ಲ ಎಂಬುದೇ ಹೆಚ್ಚಿನ ಸಂಕಟ.

ಅಷ್ಟರಲ್ಲಿ ಮತಕ್ಕಾಗಿ ಕೈ ಎತ್ತಲು ಹೇಳುತ್ತಿದ್ದರು. ಅಣ್ಣಾರಾಯನೇ ಗೆದ್ದನೆಂದು ಆಮೇಲೆ ತಿಳಿಯಿತು. ನಾನು ಎಣಿಕೆಗೆ ನಿಲ್ಲದೆ ಹೊರಗೆ ಬಂದು ಕಲ್ಲಣ್ಣನವರ ತಗಡಿನ ಪೆಟ್ಟಿಗೆಗೆ ಕೈ ಹಾಕಿದೆ. ಕಲ್ಲಣ್ಣ ಗಡಬಡಿಸಿ ಎದ್ದು ಇನ್ನೊಂದು ಬದಿ ಹಿಡಿದ.

“ನಡೀರಿ, ಮನಿಗೆ ಹೋಗೂಣು” ಎಂದೆ.

ನೀಲಾಬಾಯಿ ಕೂಸನ್ನು ಎತ್ತಿಕೊಂಡಳು, ಆದರೆ ಮೆಟ್ಟಿಲು ಇಳಿಯಲಿಲ್ಲ. ಆರು ವರ್ಷದಿಂದ ಪ್ರತಿ ಭಾನುವಾರ ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಕೂತು ಹಾಡಿದವಳು.

“ನೀವು ಮುಂದ ನಡೀರಿ, ಬಾಯಾರ” ಎಂದಳು. “ನಿಮ್ಮ ಮನಿ ಎಲ್ಲೈತಿ, ನನಗ ಗೊತ್ತಿಲ್ಲ.”